ಕೈಗೆ ಬಿಗಿ, ಚಕ್ರಕ್ಕೆ ಸಡಿಲ

ಆ ಸುದ್ದಿ ಒಟ್ಟು ನಾಲ್ಕು ವಾಕ್ಯದ್ದು. ವೇಣೂರು ಕಡೆಯ ಒಂದು ಸಭಾಭವನದ ಅಂಗಳದಲ್ಲಿ, ಮದುವೆಯ ಹಿಂದಿನ ದಿನ, ಕುರ್ಚಿ ಇಳಿಸುತ್ತಿದ್ದ ಹಳೆಯ ಮಿನಿ ಲಾರಿಯೊಂದು ತಾನಾಗಿ ಹಿಂದಕ್ಕೆ ಉರುಳಿ ಕಂಬಕ್ಕೆ ಗುದ್ದಿತ್ತು. ಯಾರಿಗೂ ಗಾಯವಾಗಿರಲಿಲ್ಲ. ಲಾರಿಯ ಹಿಂಬದಿಯ ಬಾಗಿಲು ನಜ್ಜುಗುಜ್ಜಾಗಿತ್ತು. ನಾಲ್ಕನೆಯ ವಾಕ್ಯ ಹೀಗಿತ್ತು: ಹ್ಯಾಂಡ್‌ಬ್ರೇಕ್ ಹಾಕಲು ಚಾಲಕ ಮರೆತದ್ದೇ ಘಟನೆಗೆ ಕಾರಣ ಎನ್ನಲಾಗಿದೆ.

ಬರೆದವನು ನಾನು. ಮನೆ ಬಂಟ್ವಾಳದಲ್ಲಿ, ಬಂಟ್ವಾಳ, ಬೆಳ್ತಂಗಡಿ ಎರಡೂ ತಾಲೂಕಿನ ವರದಿ ನನ್ನ ಕೆಲಸ. ಸಭಾಭವನದ ವ್ಯವಸ್ಥಾಪಕರು ಫೋನಿನಲ್ಲಿ ಹೇಳಿದ್ದನ್ನು ಬರೆದು ಕಳಿಸಿದ್ದೆ. ಅವರ ಮಾತಿಗೆ ಬೆಂಬಲವಾಗಿ ಒಂದು ವಿಡಿಯೊ ಕೂಡ ಇತ್ತು, ಒಂಬತ್ತು ಸೆಕೆಂಡಿನದು. ಲಾರಿ ಹಿಂದಕ್ಕೆ ಹೋಗುತ್ತಿದೆ. ಅದರ ಪಕ್ಕದಲ್ಲಿ ಚಾಲಕ ಓಡುತ್ತಿದ್ದಾರೆ, ಕೈಯಲ್ಲಿ ಚಹಾದ ಗ್ಲಾಸು. ಚಹಾ ಚೆಲ್ಲುತ್ತಿದೆ, ಅವರು ಗ್ಲಾಸು ಮಾತ್ರ ಬಿಡುತ್ತಿಲ್ಲ. ಸಂಜೆಯೊಳಗೆ ಅದು ಮೂಡುಬಿದಿರೆಯಿಂದ ಧರ್ಮಸ್ಥಳದವರೆಗೆ ಎಲ್ಲರ ಫೋನಿಗೂ ತಲುಪಿತ್ತು. ನೋಡಿದವರು ನಕ್ಕಿದ್ದರು. ಆ ಕಂಬದ ಆಚೆ ಬದಿಯಲ್ಲಿ ಏಳೆಂಟು ಹೆಂಗಸರು ಕೂತು ತರಕಾರಿ ಹೆಚ್ಚುತ್ತಿದ್ದರು ಎಂಬುದು ವಿಡಿಯೊದಲ್ಲಿ ಕಾಣುತ್ತಿರಲಿಲ್ಲ.

ಮೂರನೆಯ ದಿನ ಚಾಲಕ ನನ್ನನ್ನು ಹುಡುಕಿಕೊಂಡು ಬೆಳ್ತಂಗಡಿಗೆ ಬಂದರು. ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ನಾನು ಕೂತಿದ್ದೆ. ಐವತ್ತು ದಾಟಿದ ತೆಳ್ಳಗಿನ ವ್ಯಕ್ತಿ. ಇಸ್ತ್ರಿ ಹಾಕಿದ ಖಾಕಿ ಅಂಗಿ. ಜಗಳಕ್ಕೆ ಬಂದವರಂತೆ ಕಾಣಲಿಲ್ಲ. ಎದುರಿನ ಬೆಂಚಿನಲ್ಲಿ ಕೂತು, ಮಡಚಿದ್ದ ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿ, ನಾಲ್ಕನೆಯ ವಾಕ್ಯದ ಮೇಲೆ ಬೆರಳಿಟ್ಟರು.

“ಇದು ಸರಿ ಇಲ್ಲ ಸಾರ್. ನಾನು ಹ್ಯಾಂಡ್‌ಬ್ರೇಕ್ ಎಳ್ದಿದ್ದೆ.”

“ಭವನದವರು ಹಾಗೆ ಹೇಳಿದ್ರು.”

“ಭವನದವರು ಲಾರಿಯ ಒಳಗೆ ಇದ್ರಾ?”

ಪಕ್ಕದ ಮೇಜಿನಲ್ಲಿದ್ದ ಒಬ್ಬರಿಗೆ ಚಾಲಕರ ಗುರುತು ಹತ್ತಿತು. ಹೋಟೆಲಿಗೆಲ್ಲ ಕೇಳುವಂತೆ ಅವರು ಹೇಳಿದರು: “ಅಣ್ಣ, ಚಾ ಕುಡೀಲಿಕ್ಕೆ ಬರುವಾಗ ಲಾರಿಯನ್ನೂ ಕರ್ಕೊಂಡು ಬಾ ಮಾರಾಯ. ಇಲ್ಲದಿದ್ರೆ ಅದು ಬೇಜಾರು ಮಾಡಿ ಎದ್ದು ಹೋಗ್ತದೆ.”

ಚಾಲಕ ಆ ಕಡೆ ತಿರುಗಲಿಲ್ಲ. “ಮೂರು ದಿನದಿಂದ ಇದೇ,” ಎಂದು ನನಗೆ ಹೇಳಿದರು. ಆ ಮೇಲೆ ತಮ್ಮ ವಿಷಯ ಹೇಳಿದರು. ಮೂಡುಬಿದಿರೆಯ ಒಂದು ಶಾಮಿಯಾನದ ಅಂಗಡಿಯಲ್ಲಿ ಅವರು ಹದಿನೆಂಟು ವರ್ಷದಿಂದ ಆ ಒಂದೇ ಲಾರಿ ಓಡಿಸುತ್ತಿದ್ದರು. ಅಂಗಡಿ ಅಲ್ಲಿನ ಹಳೆಯ ಜೈನ ಮನೆತನದ್ದು. ಒಂದು ಬಸದಿಯ ಉಸ್ತುವಾರಿಯೂ ಆ ಮನೆಯವರದೇ. ಯಜಮಾನರನ್ನು ಎಲ್ಲರೂ ಧಣಿ ಎನ್ನುತ್ತಾರೆ. ಲಾರಿ ಉರುಳಿದ ದಿನ ಸಂಜೆ ಧಣಿ ಕೀ ವಾಪಸು ತೆಗೆದುಕೊಂಡಿದ್ದರು. ಕೆಲಸದಿಂದ ತೆಗೆದಿರಲಿಲ್ಲ. ವಿಷಯ ತಿಳಿಯುವವರೆಗೆ ಕುರ್ಚಿ ಇಳಿಸುವ, ಏರಿಸುವ ಕೆಲಸ ಮಾಡು ಎಂದಿದ್ದರು. ಈಗ ಬಾಡಿಗೆಯ ಲಾರಿ, ಬೇರೆ ಚಾಲಕ. ಇವರು ಹಿಂದುಗಡೆ ಕುರ್ಚಿಗಳ ನಡುವೆ ನಿಂತು ಹೋಗಬೇಕು.

“ಮನೆಯಲ್ಲಿ ಹೇಳ್ಲಿಲ್ಲ ಸಾರ್. ಬೆಳಿಗ್ಗೆ ಖಾಕಿ ಹಾಕಿಯೇ ಹೊರಡ್ತೇನೆ,” ಎಂದರು. “ಆದಿತ್ಯವಾರ ಗುರುವಾಯನಕೆರೆಯ ಗ್ಯಾರೇಜಿನಲ್ಲಿ ಚಕ್ರ ಬಿಚ್ತಾರೆ. ಧಣಿಯೂ ಬರ್ತಾರೆ. ನೀವೂ ಬನ್ನಿ. ನಾನು ಎಳೀಲಿಲ್ಲ ಅಂತ ಅಲ್ಲಿ ಗೊತ್ತಾದ್ರೆ ಮತ್ತೆ ನಾನು ಕೀ ಕೇಳುದೇ ಇಲ್ಲ.”

ಭಾನುವಾರ ಬೆಳಿಗ್ಗೆ ಬಿ.ಸಿ. ರೋಡಿನಿಂದ ಬಸ್ ಹತ್ತಿ, ಪುಂಜಾಲಕಟ್ಟೆ ದಾಟಿ ಗುರುವಾಯನಕೆರೆಯಲ್ಲಿ ಇಳಿದೆ. ಗ್ಯಾರೇಜು ಎಂದರೆ ನಾಲ್ಕು ಕಂಬದ ಮೇಲೆ ತಗಡಿನ ಮಾಡು, ಸಿಮೆಂಟು ನೆಲ, ಗೋಡೆಗೆ ಮೊಳೆ ಹೊಡೆದು ಗಾತ್ರದ ಕ್ರಮದಲ್ಲಿ ತೂಗುಹಾಕಿದ ಸ್ಪಾನರುಗಳು. ನೆಲದಲ್ಲಿ ಎಣ್ಣೆಯ ಕಲೆ ಇರಲಿಲ್ಲ. ನಡೆಸುವವರು ಅರವತ್ತೈದರ ಆಸುಪಾಸಿನ ಬ್ಯಾರಿ ಸಮುದಾಯದ ಮೆಕ್ಯಾನಿಕ್. ಊರಿಗೆಲ್ಲ ಅವರು ಕಾಕ. ಫರಂಗಿಪೇಟೆಯಲ್ಲಿ ಹೆದ್ದಾರಿ ಬದಿಯ ಲಾರಿಗಳ ಅಡಿಯಲ್ಲಿ ಮಲಗಿ ಕೆಲಸ ಕಲಿತವರು. ಗ್ಯಾರೇಜಿನಲ್ಲಿ ನಡೆಯುವ ಮಾತು ತುಳು; ಪತ್ರಿಕೆಯವನೆಂದು ನನ್ನ ಜೊತೆ ಮಾತ್ರ ಅವರು ಕನ್ನಡ ತೆಗೆಯುತ್ತಿದ್ದರು. ನಾನು ಎಲ್ಲವನ್ನೂ ಇಲ್ಲಿ ಕನ್ನಡದಲ್ಲೇ ಕೊಡುತ್ತಿದ್ದೇನೆ.

ಅವರದೊಂದು ಪದ್ಧತಿ ಇತ್ತು. ಬ್ರೇಕಿನ ಕೆಲಸವಾದರೆ ಗಾಡಿಯ ಮಾಲೀಕ ಮತ್ತು ಓಡಿಸುವವ ಇಬ್ಬರೂ ಎದುರಿಗೆ ನಿಲ್ಲದೆ ಚಕ್ರ ಬಿಚ್ಚುವುದಿಲ್ಲ. “ಬಿಟ್ಟು ಹೋಗ್ತೇನೆ, ಸಂಜೆ ಬರ್ತೇನೆ” ಎನ್ನುವವರಿಗೆ ಬೇರೆ ಗ್ಯಾರೇಜಿನ ದಾರಿ ತೋರಿಸುತ್ತಿದ್ದರು. ಇದರಿಂದ ಗಿರಾಕಿ ಕಡಿಮೆಯಾಗಿದ್ದಾರೆಯೇ ಎಂದು ಕೇಳಿದೆ. “ಆಗಿದ್ದಾರೆ. ಮತ್ತೆಂತ ಮಾಡುದು? ಒಳಗೆ ಎಂತ ಇತ್ತು ಅಂತ ನೋಡದವ ನಾಳೆ ನಾನು ಹೇಳಿದ್ದನ್ನು ನಂಬುದು ಹೇಗೆ?” ಎಂದರು. ನಲವತ್ತು ವರ್ಷ ಸುದ್ದಿಮನೆಯಲ್ಲಿದ್ದವರಿಂದಲೂ ನಾನು ಇಷ್ಟು ಸ್ಪಷ್ಟವಾದ ಮಾತು ಕೇಳಿರಲಿಲ್ಲ.

ಧಣಿ ಕಾರಿನಲ್ಲಿ ಬಂದರು. ಎಪ್ಪತ್ತರ ಹತ್ತಿರದ ವಯಸ್ಸು, ಬಿಳಿ ಅಂಗಿ, ಬಿಳಿ ಪಂಚೆ, ಕಡಿಮೆ ಮಾತು. ಚಾಲಕ ಎದ್ದು ನಿಂತರು. ಧಣಿ ತಲೆಯಾಡಿಸಿದರು, ಅಷ್ಟೆ.

ಕಾಕ ಮೊದಲು ಚಾಲಕರಿಂದ ನಡೆದದ್ದನ್ನು ಹೇಳಿಸಿದರು. ಭವನದ ಅಂಗಳ ಇಳಿಜಾರು. ಲಾರಿಯ ಬ್ಯಾಟರಿ ಬಡವಾಗಿತ್ತು. ಎಂಜಿನ್ ಆಫ್ ಮಾಡಿದರೆ ಮತ್ತೆ ಸೆಲ್ಫ್ ಹಿಡಿಯುತ್ತಿರಲಿಲ್ಲ. ಹಾಗಾಗಿ ಎಂಜಿನ್ ಚಾಲೂ ಇಟ್ಟಿದ್ದರು. ಎಂಜಿನ್ ಚಾಲೂ ಇದ್ದುದರಿಂದ ಗೇರಿನಲ್ಲಿ ನಿಲ್ಲಿಸುವ ಹಾಗಿರಲಿಲ್ಲ. ನ್ಯೂಟ್ರಲ್‌ನಲ್ಲಿ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಇಳಿದಿದ್ದರು.

“ಕಲ್ಲು ಕೊಡ್ಲಿಲ್ವಾ?” ಕಾಕ ಕೇಳಿದರು.

“ಕಲ್ಲು ಎಲ್ಲಿಂದ ಕಾಕ? ಅಂಗಳಕ್ಕೆ ಪೂರಾ ಇಂಟರ್‌ಲಾಕ್ ಇಟ್ಟಿಗೆ ಹಾಕಿದ್ದಾರೆ. ಗುಡಿಸಿ ಇಟ್ಟಿದ್ದಾರೆ. ಒಂದು ಹರಳು ಇಲ್ಲ. ಹುಡುಕಿದೆ. ಆಗ ಅಡುಗೆಯವರು ಚಾ ಕೊಟ್ರು. ಗ್ಲಾಸು ಹಿಡ್ಕೊಂಡೇ ಹುಡುಕ್ತಾ ಇದ್ದೆ.”

ನಮ್ಮ ಕಡೆಯ ರಸ್ತೆಗಳನ್ನು ಬಲ್ಲವರಿಗೆ ಇದು ಅರ್ಥವಾಗುತ್ತದೆ. ಇಲ್ಲಿ ಸಮತಟ್ಟಾದ ಜಾಗ ಸಿಗುವುದೇ ಅಪರೂಪ. ಲಾರಿ ನಿಂತ ಕೂಡಲೇ ಯಾರಾದರೂ ಇಳಿದು ಹಿಂದಿನ ಚಕ್ರಕ್ಕೆ ಒಂದು ಕೆಂಪುಕಲ್ಲಿನ ತುಂಡು ಕೊಡುತ್ತಾರೆ. ಹೊರಡುವಾಗ ಅದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಮುಂದಿನ ಲಾರಿಗೆ ಅದೇ ಕಲ್ಲು. ಯಾವ ತಿರುವಿನಲ್ಲಿ ನೋಡಿದರೂ ಅಂಥ ಒಂದು ಕಲ್ಲು ಬಿದ್ದಿರುತ್ತದೆ. ಅದರ ಮೇಲೆ ಎಲ್ಲರಿಗೂ ಎಷ್ಟು ಭರವಸೆಯೆಂದರೆ ಹ್ಯಾಂಡ್‌ಬ್ರೇಕ್ ಹಿಡಿಯುತ್ತದೆಯೇ ಎಂದು ಯಾರೂ ನೋಡುವುದಿಲ್ಲ. ಆ ದಿನ ಹೊಸ ಅಂಗಳದಲ್ಲಿ ಕಲ್ಲು ಸಿಗಲಿಲ್ಲ.

“ಅದೇ ಹೇಳುದು,” ಎಂದರು ಕಾಕ. “ಕಲ್ಲು ಕೊಟ್ಟು ಕೊಟ್ಟು ಹ್ಯಾಂಡ್‌ಬ್ರೇಕಿಗೆ ಪೆನ್ಶನ್ ಕೊಟ್ಟಿದ್ದೀರಿ. ಒಂದು ದಿನ ಕರ್ದು ಕೆಲಸ ಮಾಡು ಅಂದ್ರೆ ಅದು ಬರ್ತದಾ?”

ಆ ಮೇಲೆ ಅವರು ಧಣಿಯನ್ನೇ ಲಾರಿಯ ಸೀಟಿಗೆ ಹತ್ತಿಸಿದರು. “ನೀವೇ ಎಳೀರಿ ಧಣಿ.”

ಧಣಿ ಎಳೆದರು. ಐದು ಸಲ ಕಟಕಟ ಎಂದಿತು, ಆ ಮೇಲೆ ಹ್ಯಾಂಡ್‌ಬ್ರೇಕಿನ ಸನ್ನೆಕೋಲು ಅಲುಗಲಿಲ್ಲ.

“ಬಿಗಿ ಉಂಟಾ?”

“ಕಲ್ಲಿನ ಹಾಗೆ ಉಂಟು,” ಎಂದರು ಧಣಿ. ಒಂದು ಕ್ಷಣ ಬಿಟ್ಟು, ಚಾಲಕರನ್ನು ನೋಡದೆ, ಇನ್ನೂ ಒಂದು ಮಾತು ಸೇರಿಸಿದರು: “ಇದನ್ನು ಇವ ಎಳ್ದಿದ್ರೆ ಲಾರಿ ಹೋಗ್ಲಿಕ್ಕೆ ಇಲ್ಲ.”

ಚಾಲಕ ನೆಲ ನೋಡುತ್ತಿದ್ದರು. ನನ್ನ ನಾಲ್ಕನೆಯ ವಾಕ್ಯ ಸರಿಯೇ ಇತ್ತೇನೋ ಎಂದು ನನಗೂ ಅನಿಸಿತು.

“ಕೈಗೆ ಬಿಗಿ ಉಂಟು ಅಂತ ಬರ್ಕೊಳ್ಳಿ ಪೇಪರಿನವ್ರೆ,” ಎಂದರು ಕಾಕ. “ಚಕ್ರಕ್ಕೆ ಇನ್ನೂ ಕೇಳ್ಲಿಲ್ಲ.”

ಮುಂದಿನ ಚಕ್ರಗಳ ಎರಡೂ ಬದಿಗೆ ಮರದ ಬೆಣೆ ಕೊಟ್ಟು, ಹಿಂಬದಿಯನ್ನು ಜಾಕಿಯಿಂದ ಎತ್ತಿ, ಅಚ್ಚಿನ ಕೆಳಗೆ ಎರಡು ದಪ್ಪ ಸ್ಟ್ಯಾಂಡ್ ಇಟ್ಟರು. ಜಾಕಿಯ ಮೇಲೆಯೇ ಬಿಟ್ಟು ಕೆಳಗೆ ಕೈಹಾಕುವುದನ್ನು ಅವರು ಎಂದೂ ಮಾಡಿದವರಲ್ಲವಂತೆ. ಲಾರಿಯನ್ನು ಎರಡು ಸಲ ಅಲುಗಿಸಿ ನೋಡಿ, ಧಣಿ ಎಳೆದಿದ್ದ ಹ್ಯಾಂಡ್‌ಬ್ರೇಕನ್ನು ಹಾಗೆಯೇ ಇರಿಸಿ, ಎಡಬದಿಯ ಹಿಂದಿನ ಚಕ್ರಕ್ಕೆ ಎರಡೂ ಕೈ ಕೊಟ್ಟು ತಳ್ಳಿದರು.

ಚಕ್ರ ತಿರುಗಿತು. ಒಳಗೆ ಎಲ್ಲೋ ಸ್ವಲ್ಪ ಉಜ್ಜಿದ ಶಬ್ದ ಬಂತು. ಆದರೆ ತಿರುಗಿತು. ಬಲಬದಿಯದೂ ತಿರುಗಿತು.

“ಧಣಿ, ನೀವೇ ತಿರುಗಿಸಿ ನೋಡಿ.”

ಧಣಿ ಪಂಚೆ ಎತ್ತಿ ಕಟ್ಟಿ ತಾವೇ ತಿರುಗಿಸಿದರು. ಒಮ್ಮೆಯಲ್ಲ, ಮೂರು ಸಲ. ಆ ಮೇಲೆ ಕ್ಯಾಬಿನ್ನಿಗೆ ಹೋಗಿ ಹ್ಯಾಂಡ್‌ಬ್ರೇಕ್ ಇನ್ನೂ ಮೇಲೆಯೇ ಇದೆಯೇ ಎಂದು ನೋಡಿ ಬಂದರು. ಅದು ಮೇಲೆಯೇ ಇತ್ತು. ಹಾಗಾದರೆ ಚಾಲಕ ಎಳೆದಿದ್ದರೂ ಲಾರಿ ಉರುಳಬಹುದಿತ್ತು. ಅಷ್ಟು ಹೊತ್ತು ಗೋಡೆಗೆ ಒರಗಿದ್ದ ಚಾಲಕ ಲಾರಿಯ ಹತ್ತಿರ ಬಂದು ನಿಂತರು.

“ಈಗ ಒಳಗೆ ನೋಡುವ,” ಎಂದರು ಕಾಕ.

ಹಿಂದಿನ ಚಕ್ರದ ಒಳಗೆ ದೊಡ್ಡ ಪಾತ್ರೆಯಂಥ ಕಬ್ಬಿಣದ ಡ್ರಮ್ ಇರುತ್ತದೆ. ಚಕ್ರದೊಂದಿಗೆ ಅದೂ ತಿರುಗುತ್ತದೆ. ಅದರೊಳಗೆ ಅರ್ಧಚಂದ್ರದ ಆಕಾರದ ಎರಡು ಶೂಗಳು ತಿರುಗದೆ ನಿಂತಿರುತ್ತವೆ. ಪೆಡಲ್ ಒತ್ತಿದರೆ ಅವು ಹೊರಕ್ಕೆ ಅಗಲಿ ಡ್ರಮ್ಮಿನ ಒಳಮೈಯನ್ನು ಹಿಡಿಯುತ್ತವೆ. ಹ್ಯಾಂಡ್‌ಬ್ರೇಕ್ ಎಳೆದರೆ ಅದೇ ಶೂಗಳನ್ನು ಒಂದು ಕೇಬಲ್, ಡ್ರಮ್ಮಿನೊಳಗಿನ ಒಂದು ಸಣ್ಣ ಪಟ್ಟಿಯನ್ನು ಎಳೆಯುವ ಮೂಲಕ, ಅಗಲಿಸುತ್ತದೆ. ಶೂಗಳ ಮೇಲಿನ ಲೈನರ್ ಸವೆದಂತೆ ಡ್ರಮ್ಮಿಗೂ ಶೂಗೂ ನಡುವೆ ಅಂತರ ಹೆಚ್ಚುತ್ತದೆ. ಆ ಅಂತರ ತುಂಬಲು ಶೂಗಳ ನಡುವೆ ಹಲ್ಲುಗಳಿರುವ ಒಂದು ಪುಟ್ಟ ಚಕ್ರವಿದೆ. ಅದನ್ನು ತಿರುಗಿಸಿದರೆ ಶೂಗಳು ಡ್ರಮ್ಮಿನ ಹತ್ತಿರಕ್ಕೆ ಸರಿಯುತ್ತವೆ. ಅಪಘಾತದ ಎಷ್ಟೋ ವರದಿಗಳಲ್ಲಿ ‘ಬ್ರೇಕ್ ವಿಫಲಗೊಂಡು’ ಎಂದು ಬರೆದ ನನಗೆ ಇದೆಲ್ಲ ಅಂದೇ ತಿಳಿದದ್ದು.

ಕಾಕ ಹ್ಯಾಂಡ್‌ಬ್ರೇಕ್ ಇಳಿಸಿ, ಟಯರು ಕಳಚಿ, ಡ್ರಮ್ಮಿನ ಸುತ್ತ ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಬಂದರು. ಡ್ರಮ್ ಹೊರಬಂತು. ಒಳಗೆ ಕಪ್ಪು ಧೂಳು ತುಂಬಿತ್ತು. ಊದಿ ತೆಗೆಯಲು ಚಾಲಕ ಬಾಗಿದಾಗ ಕಾಕ ಅವರ ಎದೆಗೆ ಅಡ್ಡ ಕೈ ಹಿಡಿದರು.

“ಊದಬೇಡ ಮಾರಾಯ. ಈ ಧೂಳು ಒಳಗೆ ಹೋದ್ರೆ ಹೊರಗೆ ಬರುದಿಲ್ಲ.”

ನೀರು ತುಂಬಿದ ಬಾಟಲಿಯಿಂದ ಧೂಳನ್ನು ನೆನೆಸಿ ಬಟ್ಟೆಯಲ್ಲಿ ಒರೆಸಿ ತೆಗೆದರು. ನೆಲದಲ್ಲಿ ಹಳೆಯ ಪತ್ರಿಕೆ ಹಾಸಿ, ಬಿಚ್ಚಿದ ಪ್ರತಿ ಸ್ಪ್ರಿಂಗನ್ನೂ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟರು. “ನಿಮ್ಮ ಪೇಪರೇ ಇದು. ಒಳ್ಳೆ ಎಣ್ಣೆ ಹೀರ್ತದೆ. ಬೇರೆಯವರದ್ದು ಜಾರ್ತದೆ,” ಎಂದು ನನಗೆ ಹೇಳಿದರು. ಧಣಿಯ ಮುಖದಲ್ಲಿ ಆ ದಿನದ ಮೊದಲ ನಗು ಕಂಡಿತು.

ಲೈನರ್ ಇನ್ನೂ ಸಾಕಷ್ಟು ದಪ್ಪ ಇತ್ತು. ಆದರೆ ಹಲ್ಲಿನ ಚಕ್ರ ತುಕ್ಕು ಹಿಡಿದು ಬೆಸೆದುಕೊಂಡಿತ್ತು. ಎಷ್ಟೋ ಕಾಲದಿಂದ ತಿರುಗಿರಲಿಲ್ಲ. ಶೂಗಳು ಡ್ರಮ್ಮಿನಿಂದ ಬಹಳ ದೂರ ಇದ್ದವು. ಕಾಕ ಚಾಲಕರನ್ನು ಕ್ಯಾಬಿನ್ನಿಗೆ ಕಳಿಸಿ ಹ್ಯಾಂಡ್‌ಬ್ರೇಕನ್ನು ನಿಧಾನವಾಗಿ ಎಳೆಯಲು ಹೇಳಿದರು. ನಾವು ಮೂವರು ಬಾಗಿ ನೋಡಿದೆವು. ಒಳಗಿನ ಪಟ್ಟಿ ಸರಿಯಿತು, ಇನ್ನಷ್ಟು ಸರಿಯಿತು, ಶೂವಿನ ಅಂಚಿಗೆ ತಾಗಿ ನಿಂತಿತು. ಆಚೆ ಹೋಗಲು ಅದಕ್ಕೆ ಜಾಗವಿರಲಿಲ್ಲ. ಕ್ಯಾಬಿನ್ನಿನಿಂದ ಚಾಲಕರ ಧ್ವನಿ ಬಂತು: “ಬಿಗಿ ಆಯ್ತು ಕಾಕ!” ಶೂ ಮತ್ತು ಡ್ರಮ್ ಸೇರಬೇಕಾದ ಜಾಗವನ್ನು ಕಾಕ ಬೆರಳಿನಲ್ಲಿ ತೋರಿಸಿದರು. ಶೂ ಅಷ್ಟು ದೂರ ಬಂದೇ ಇರಲಿಲ್ಲ.

“ನೋಡಿದ್ರಾ? ಇದು ಇಲ್ಲಿ ಬಂದು ತಾಗಿ ನಿಂತಿತು. ಕೈಗೆ ಅದು ಬಿಗಿ ಅಂತ ಕಾಣ್ತದೆ. ಚಕ್ರಕ್ಕೆ ಬರೇ ಸವರಿದ ಹಾಗೆ. ಖಾಲಿ ಲಾರಿ ಸಮದಲ್ಲಿ ನಿಲ್ತದೆ. ಇಳಿಜಾರಿನಲ್ಲಿ ನಾಲ್ಕು ಜನ ಮೇಲೆ ಹತ್ತಿ ಕುರ್ಚಿ ಬಿಸಾಡಿದ್ರೆ ನಿಲ್ಲುದಿಲ್ಲ.”

ಆ ಮೇಲೆ ಅವರು ಲಾರಿಯ ಅಡಿಗೆ ತೆವಳಿ ಹೋಗಿ ಟಾರ್ಚು ಹಿಡಿದರು. ಅಲ್ಲಿ ಕೇಬಲ್ಲನ್ನು ಬಿಗಿ ಮಾಡುವ ಒಂದು ನಟ್ ಇದೆ. ಸುತ್ತ ಎಲ್ಲವೂ ಕೆಸರು ಮೆತ್ತಿ ಕಪ್ಪಾಗಿತ್ತು. ಆ ನಟ್ ಕೂತಿದ್ದ ತಿರುಪು ಮಾತ್ರ ಅಲ್ಲಲ್ಲಿ ಹೊಳೆಯುತ್ತಿತ್ತು.

“ಇದನ್ನು ಯಾರು ಬಿಗಿ ಮಾಡಿದ್ದು?” ಅಡಿಯಿಂದಲೇ ಕೇಳಿದರು. “ಕಂಡಾಬಟ್ಟೆ ಬಿಗಿ ಮಾಡಿದ್ದಾರೆ. ಕೇಬಲ್ಲನ್ನು ಹೊರಗಿಂದ ಗಿಡ್ಡ ಮಾಡಿ, ಪಟ್ಟಿಯನ್ನು ಮೊದಲೇ ಅರ್ಧ ಎಳ್ದಿಟ್ಟು, ಒಳಗಿನ ಸಡಿಲ ಮುಚ್ಚಿಟ್ಟಿದ್ದಾರೆ. ಇದನ್ನು ಮಾಡದಿದ್ರೆ ಸನ್ನೆ ಮೇಲೆ ಮೇಲೆ ಬರ್ತಾ, ಶೂ ದೂರ ಉಂಟು ಅಂತ ತಾನೇ ಹೇಳ್ತಿತ್ತು. ಅದರ ಬಾಯಿ ಕಟ್ಟಿದ್ದಾರೆ.”

ಧಣಿ ಸ್ವಲ್ಪ ಯೋಚಿಸಿದರು. “ಮಳೆಗಾಲಕ್ಕೆ ಮೊದಲು ಲಾರಿ ಬೇರೆ ಗ್ಯಾರೇಜಿಗೆ ಹೋಗಿತ್ತು. ಅಲ್ಲಿಯವರು ಮಾಡಿರ್ಬೇಕು.”

ಚಾಲಕ ಸುಮ್ಮನಿದ್ದರೆ ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಹ್ಯಾಂಡ್‌ಬ್ರೇಕ್ ಎಳೆದಿದ್ದೆ ಎಂಬ ಮಾತನ್ನು ಅಲ್ಲಗಳೆಯಲು ಇನ್ನು ಕಾರಣವಿರಲಿಲ್ಲ. ತಪ್ಪು ಹೊರಲು ಎದುರಿಗಿಲ್ಲದ ಒಂದು ಗ್ಯಾರೇಜು ಸಿಕ್ಕಿತ್ತು, ಅದನ್ನು ಒದಗಿಸಿಕೊಟ್ಟವರು ಧಣಿಯೇ. ಮನೆಗೆ ಹೋಗಿ ಹೇಳಬೇಕಾದ್ದು ಏನೂ ಇರಲಿಲ್ಲ. ಅಂದೇ ಕೀ ಕೈಗೆ ಬರುತ್ತಿತ್ತು.

“ಅಲ್ಲ ಧಣಿ,” ಎಂದರು ಚಾಲಕ. “ಅದು ನಾನೇ.”

ಕಾಕ ಲಾರಿಯ ಅಡಿಯಿಂದ ಹೊರಬಂದರು.

“ಸನ್ನೆ ಕಂಕುಳಿನವರೆಗೆ ಬರ್ತಿತ್ತು. ನಿಮ್ಮ ಹತ್ರ ಹೇಳಿದ್ರೆ ಲಾರಿ ಎರಡು ದಿನ ಗ್ಯಾರೇಜಿನಲ್ಲಿ ನಿಲ್ತದೆ, ಮದುವೆ ಸೀಸನ್ನು. ಒಂದು ಮಧ್ಯಾಹ್ನ ಅಂಗಡಿಯ ಹಿಂದೆ ನಾನೇ ಅಡಿಗೆ ಹೋಗಿ ಬಿಗಿ ಮಾಡಿದೆ. ಐದೇ ಕಟಕಟಕ್ಕೆ ನಿಂತಿತು. ಭಾರೀ ಖುಷಿ ಆಗಿತ್ತು ನಂಗೆ.”

ಧಣಿ ಹೊರಗೆ ಹೋಗಿ ತಮ್ಮ ಕಾರಿನ ಹತ್ತಿರ ರಸ್ತೆಗೆ ಮುಖ ಮಾಡಿ ನಿಂತರು.

ಚಾಲಕ ನನ್ನ ಕಡೆ ತಿರುಗಿದರು. “ಎಳ್ದಿದ್ದೆ ಅಂತ ಬರೀರಿ ಸಾರ್. ನಟ್ ಬಿಗಿ ಮಾಡಿದ್ದೂ ನಾನೇ ಅಂತ ಅದನ್ನೂ ಬರೀರಿ. ಒಂದು ಮಾತ್ರ ಬರ್ದ್ರೆ ಅದು ಪುನಃ ಅರ್ಧ ಸುದ್ದಿ ಆಗ್ತದೆ.”

“ಪೇಪರಿನವ್ರೆ, ಇನ್ನೊಂದು ಸೇರಿಸಿ,” ಎಂದರು ಕಾಕ. “ಇಲ್ಲಿಂದ ಬಂಟ್ವಾಳದವರೆಗೆ ಇದನ್ನು ಮಾಡದ ಡ್ರೈವರ್ ಇಲ್ಲ. ನಟ್ ಹೊರಗೆ ಕಾಣ್ತದಲ್ಲ, ಸ್ಪಾನರ್ ಸಿಗ್ತದಲ್ಲ! ಒಳಗಿನ ಹಲ್ಲು ನೋಡ್ಲಿಕ್ಕೆ ಡ್ರಮ್ ಬಿಚ್ಚಬೇಕು. ಯಾರಿಗೆ ಪುರುಸೊತ್ತು?” ಆ ಮೇಲೆ ಚಾಲಕರಿಗೆ: “ಎಲ್ರೂ ಮಾಡ್ತಾರೆ ಅಂತ ನಿಂದು ಸರಿ ಆಗುದಿಲ್ಲ. ಪೆಡಲ್ ಕೂಡ ಎರಡು ಸಲ ಒತ್ತಿದ್ರೆ ಮಾತ್ರ ಬ್ರೇಕ್ ಹಿಡೀತಿತ್ತಲ್ಲ?”

“ಹೌದು. ಅಭ್ಯಾಸ ಆಗಿತ್ತು.”

“ಅಭ್ಯಾಸ ಆಗಿತ್ತಂತೆ! ಲಾರಿ ಬೊಬ್ಬೆ ಹಾಕ್ತಾ ಇತ್ತು, ಇವನಿಗೆ ಅಭ್ಯಾಸ ಆಗಿತ್ತು. ಬಾ, ಹತ್ರ ಕೂತ್ಕೊ. ಎಡದ್ದು ನಾನು ಮಾಡ್ತೇನೆ. ಬಲದ್ದು ನೀನು ಮಾಡ್ಬೇಕು.”

ಮುಂದಿನ ಎರಡು ಗಂಟೆ ನಾನು ನೋಡಿದ್ದನ್ನು ಇಲ್ಲಿ ಸ್ವಲ್ಪದರಲ್ಲಿ ಹೇಳುತ್ತೇನೆ. ಕಾಕ ಮೊದಲು ಮಾಡಿದ್ದು ಕೇಬಲ್ಲಿನ ನಟ್ಟನ್ನು ಪೂರ್ತಿ ಸಡಿಲಿಸಿದ್ದು. ಒಳಗಿನ ಪಟ್ಟಿ ತನ್ನ ಮೂಲ ಜಾಗಕ್ಕೆ ಹಿಂದಿರುಗಿತೇ ಎಂದು ಬೆರಳಿನಿಂದ ಮುಟ್ಟಿ ನೋಡಿದರು. ಹಲ್ಲಿನ ಚಕ್ರವನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ನೆನೆಸಿ, ತಂತಿಯ ಬ್ರಷ್ಷಿನಿಂದ ಪ್ರತಿ ಹಲ್ಲನ್ನೂ ಉಜ್ಜಿದರು. ಎರಡು ಬೆರಳಲ್ಲಿ ಹಿಡಿದು ಅದು ಸಲೀಸಾಗಿ ಓಡುವವರೆಗೆ ಬಿಡಲಿಲ್ಲ. ಶೂಗಳು ಉಜ್ಜುವ ಜಾಗಗಳಿಗೆ ಗ್ರೀಸನ್ನು ಬೆರಳ ತುದಿಯಷ್ಟೇ ಹಚ್ಚಿದರು. ಲೈನರಿಗೆ ಒಂದು ಚುಕ್ಕೆಯೂ ತಾಗದಂತೆ ಕೈಯನ್ನು ಸೋಪು ಹಾಕಿ ತೊಳೆದು ಬಂದು ಜೋಡಿಸಿದರು. ಆಮೇಲೆ ಡ್ರಮ್, ಟಯರು.

ಕೊನೆಗೆ ಹಿಂಬದಿಯ ತಗಡಿನ ಸಣ್ಣ ಕಿಂಡಿಯಿಂದ ಸ್ಕ್ರೂಡ್ರೈವರ್ ಹಾಕಿ ಹಲ್ಲಿನ ಚಕ್ರವನ್ನು ಒಂದೊಂದೇ ಹಲ್ಲು ತಿರುಗಿಸತೊಡಗಿದರು. ಮತ್ತೊಂದು ಕೈ ಟಯರಿನ ಮೇಲೆ. ಟಯರು ನಿಂತೇಬಿಟ್ಟಿತು. ಅಲ್ಲಿಂದ ಒಂದೊಂದೇ ಹಲ್ಲು ಹಿಂದಕ್ಕೆ. ಕಣ್ಣು ಮುಚ್ಚಿದ್ದರು. ರಸ್ತೆಯಲ್ಲಿ ಬಸ್ಸು ಹೋಗುವಾಗ ಕೈ ನಿಲ್ಲಿಸಿ, ಅದರ ಸದ್ದು ಅಡಗಿದ ಮೇಲೆ ಮತ್ತೆ ಟಯರು ತಿರುಗಿಸುತ್ತಿದ್ದರು. ಒಂದು ಹಂತದಲ್ಲಿ ಟಯರು ಸರಾಗವಾಗಿ ಸುತ್ತಿತು. ಕಿವಿಗೊಟ್ಟರೆ ಮಾತ್ರ ಕೇಳುವ ಒಂದು ಸಣ್ಣ ಸರಸರ ಉಳಿಯಿತು.

“ಇದು. ಈ ಶಬ್ದ ನೆನಪಿಟ್ಕೊ,” ಎಂದು ಚಾಲಕರಿಗೆ ಹೇಳಿದರು. “ಇದಕ್ಕಿಂತ ಜಾಸ್ತಿ ಆದ್ರೆ ಡ್ರಮ್ ಬಿಸಿ ಆಗ್ತದೆ. ಇಲ್ಲವೇ ಇಲ್ಲ ಅಂತ ಆದ್ರೆ ಶೂ ದೂರ ಉಂಟು ಅಂತ ಅರ್ಥ.”

ಬಲಬದಿಯನ್ನು ಚಾಲಕ ಮಾಡಿದರು. ಕಾಕ ಕೈ ಹಿಂದೆ ಕಟ್ಟಿ ನಿಂತು ನೋಡಿದರೇ ಹೊರತು ಒಂದು ಸ್ಪ್ರಿಂಗನ್ನೂ ಮುಟ್ಟಲಿಲ್ಲ. ಎರಡು ಸಲ ಸ್ಪ್ರಿಂಗ್ ಚಿಮ್ಮಿ ಹೋಯಿತು. ಚಾಲಕ ತಾವೇ ಹುಡುಕಿ ತಂದರು. ಹಲ್ಲು ತಿರುಗಿಸುವಾಗ ಅವರೂ ಕಣ್ಣು ಮುಚ್ಚಿದರು. ಯಾವಾಗಲೋ ಧಣಿ ಒಳಗೆ ಬಂದು ಕಂಬದ ಪಕ್ಕದಲ್ಲಿ ನಿಂತಿದ್ದರು. ಅವರು ಬಂದದ್ದನ್ನು ಚಾಲಕ ನೋಡಿರಲಿಲ್ಲ. ಮುಗಿದ ಮೇಲೆ ಕಾಕ ಪೆಡಲನ್ನು ನಾಲ್ಕೈದು ಸಲ ಬಲವಾಗಿ ಒತ್ತಿಸಿ, ಶೂಗಳು ಸರಿಯಾಗಿ ಕೂತ ಮೇಲೆ ಎಡ, ಬಲ ಎರಡೂ ಚಕ್ರಗಳನ್ನು ಸುತ್ತಿಸಿ ಕೇಳಿದರು. ಬಲದ್ದರಲ್ಲಿ ಸದ್ದು ಸ್ವಲ್ಪ ಹೆಚ್ಚು. ಬೆರಳೆತ್ತಿ ‘ಒಂದು’ ಎಂದು ಸನ್ನೆ ಮಾಡಿದರು. ಚಾಲಕ ಒಂದು ಹಲ್ಲು ಹಿಂದಕ್ಕೆ ತಿರುಗಿಸಿದರು. ಈಗ ಎರಡರದೂ ಒಂದೇ ಸದ್ದು. ಕೇಬಲ್ಲಿನ ನಟ್ಟಿಗೆ ಕೈ ಹಾಕಿದ್ದು ಎಲ್ಲಕ್ಕಿಂತ ಕೊನೆಗೆ. ಅದು ಬೇಡಿದ್ದು ಬರೇ ಎರಡು ಸುತ್ತು.

ಗ್ಯಾರೇಜಿನ ಹಿಂದೆ ಶಾಲೆಗೆ ಹೋಗುವ ಡಾಮರಿನ ಏರು ಇದೆ. ಭಾನುವಾರವಾದ್ದರಿಂದ ಅಲ್ಲಿ ಜನವಿರಲಿಲ್ಲ. ಪಕ್ಕದಲ್ಲಿ ಕಾಂಪೌಂಡು ಕಟ್ಟುತ್ತಿದ್ದವರನ್ನು ಕೇಳಿ ಲಾರಿಗೆ ಎಂಬತ್ತು ಕೆಂಪುಕಲ್ಲು ಏರಿಸಿದರು. ಗ್ಯಾರೇಜಿನ ಇಬ್ಬರು ಕೆಲಸದವರ ಜೊತೆ ಚಾಲಕರೂ ಹೊತ್ತರು. ಏರಿನ ನಡುವೆ ಲಾರಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಎಂಜಿನ್ ಚಾಲೂ ಬಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು ಚಾಲಕ ಇಳಿದರು. ಹಿಂದಿನ ಚಕ್ರಗಳಿಂದ ಒಂದು ಗೇಣು ಕೆಳಗೆ ಕಾಕ ಮರದ ಬೆಣೆ ಇಟ್ಟಿದ್ದರು. ಬ್ರೇಕ್ ಬಿಟ್ಟರೂ ಲಾರಿ ಆ ಗೇಣಿಗಿಂತ ಆಚೆ ಹೋಗಬಾರದು. ಲಾರಿಯ ಹಿಂದೆ ಯಾರನ್ನೂ ನಿಲ್ಲಗೊಡಲಿಲ್ಲ. ಬಿಳಿ ಸೀಮೆಸುಣ್ಣದಿಂದ ಟಯರಿನ ಮೇಲೆ ಒಂದು ಗೆರೆ, ಅದಕ್ಕೆ ನೇರವಾಗಿ ಡಾಮರಿನ ಮೇಲೆ ಒಂದು ಗೆರೆ ಎಳೆದರು.

“ಈಗ ಮೇಲೆ ಹತ್ತಿ ಕುಣೀರಿ,” ಎಂದು ಕೆಲಸದವರಿಗೆ ಹೇಳಿದರು.

ಅವರು ಕಲ್ಲುಗಳ ಮೇಲೆ ನಿಂತು ಕುಣಿದರು. ಲಾರಿ ಸ್ಪ್ರಿಂಗುಗಳ ಮೇಲೆ ತೂಗಿತು. ಚಾಲಕ ಮಾತ್ರ ಕುಕ್ಕರಗಾಲಿನಲ್ಲಿ ಕೂತು ಎರಡು ಗೆರೆಗಳನ್ನೇ ನೋಡುತ್ತಿದ್ದರು. ಕಾಕ ಅರ್ಧ ಗಂಟೆ ಬಿಟ್ಟರು. ಅರ್ಧ ಗಂಟೆ ಎಂದರೆ ಅರ್ಧ ಗಂಟೆ, ಇಪ್ಪತ್ತು ನಿಮಿಷಕ್ಕೆ ಧಣಿಯೇ “ಸಾಕಲ್ವಾ?” ಎಂದಾಗ “ಇಲ್ಲ” ಎಂದರು. ಹೊತ್ತು ಮುಗಿದಾಗ ಎರಡು ಗೆರೆಗಳು ಮೊದಲಿನಂತೆಯೇ ಒಂದಕ್ಕೊಂದು ಕೂಡಿಕೊಂಡಿದ್ದವು.

ಕಲ್ಲು ಇಳಿಸಿದ್ದಾಯಿತು. ಚಾರ್ಜು ಮಾಡಿಟ್ಟ ಬ್ಯಾಟರಿ ಕೂರಿಸಿದ್ದಾಯಿತು. ಲಾರಿಯ ಕೀ ಕಾಕನ ಕೈಯಲ್ಲಿತ್ತು. ಅವರು ಅದನ್ನು ಧಣಿಯ ಮುಂದೆ ಹಿಡಿದರು. ಧಣಿ ತೆಗೆದುಕೊಳ್ಳಲಿಲ್ಲ. ಚಾಲಕರ ಕಡೆ ಕೈ ತೋರಿಸಿ, ತಾವು ಸುತ್ತಿ ಹೋಗಿ ಎಡಬದಿಯ ಬಾಗಿಲು ತೆಗೆದು ಲಾರಿ ಹತ್ತಿ ಕೂತರು.

“ಧಣಿ, ನಿಮ್ಮ ಕಾರು?” ಕಾಕ ಕೇಳಿದರು.

“ಇರ್ಲಿ ಇಲ್ಲೇ. ನಾಳೆ ಬರ್ತೇನೆ.” ಆ ಮೇಲೆ, ಇನ್ನೂ ಕೆಳಗೇ ನಿಂತಿದ್ದ ಚಾಲಕರಿಗೆ: “ಹತ್ತು. ಮೂಡುಬಿದ್ರೆಗೆ ಹೋಗುವ. ದಾರಿಯಲ್ಲಿ ಇಳಿಜಾರು ಸಿಕ್ಕಿದಲ್ಲೆಲ್ಲ ನಿಲ್ಸಿ ಎಳೀಬೇಕು. ನಾನು ನೋಡ್ಬೇಕು.”

“ಇಲ್ಲಿಂದ ಮೂಡುಬಿದ್ರೆಗೆ ಎಷ್ಟು ಇಳಿಜಾರು ಉಂಟು ಗೊತ್ತುಂಟಾ ಧಣಿ?” ಚಾಲಕ ಕೇಳಿದರು.

“ಎಣಿಸುವ,” ಎಂದರು ಧಣಿ.

ಆ ಸಂಜೆ ತಿದ್ದುಪಡಿ ಕಳಿಸಿದೆ. ಯಾರೂ ದೂರು ಕೊಡದೆ ತಿದ್ದುಪಡಿ ಏಕೆ ಎಂದು ಡೆಸ್ಕಿನವರು ಕೇಳಿದರು. ಸುದ್ದಿ ತಪ್ಪಾಗಿತ್ತು ಎಂದೆ. ಚಾಲಕ ಹ್ಯಾಂಡ್‌ಬ್ರೇಕ್ ಹಾಕಿದ್ದರು. ಚಕ್ರದೊಳಗಿನ ಸಡಿಲವನ್ನು ಸರಿಪಡಿಸದೆ ಹೊರಗಿನ ಕೇಬಲ್ಲನ್ನು ಬಿಗಿ ಮಾಡಿದ್ದರಿಂದ ಅದು ಹಿಡಿದಿರಲಿಲ್ಲ. ಬಿಗಿ ಮಾಡಿದ್ದು ತಾನೇ ಎಂದು ಚಾಲಕ ತಿಳಿಸಿದ್ದಾರೆ. ‘ಎನ್ನಲಾಗಿದೆ’ ಬಳಸಲಿಲ್ಲ.

ಒಳಗಿನ ಆ ಪಟ್ಟಿಯ ವಿಷಯದಲ್ಲಿ ನನಗೊಂದು ಸಂಶಯ ಉಳಿದಿತ್ತು. ಕೇಳಿಕೊಳ್ಳಲು ಮರುದಿನ ಮಧ್ಯಾಹ್ನ ಗ್ಯಾರೇಜಿಗೆ ಹೋದಾಗ ಧಣಿ ಬಸ್ಸಿನಿಂದ ಇಳಿದು ಬರುತ್ತಿದ್ದರು, ಕಾರು ಒಯ್ಯಲು.

“ಎಷ್ಟು ಸಲ ನಿಲ್ಸಿದ್ರಿ ಧಣಿ?” ಕಾಕ ಕೇಳಿದರು.

“ವೇಣೂರಿನವರೆಗೆ ನಾಲ್ಕು ಎಣಿಸಿದೆ. ಮತ್ತೆ ನಿದ್ದೆ ಬಂತು ಮಾರಾಯ. ಎಚ್ಚರ ಆಗುವಾಗ ಲಾರಿ ನಮ್ಮ ಮನೆಯ ಎದುರು ನಿಂತಿತ್ತು. ಎಂಜಿನ್ ಆಫ್ ಮಾಡಿ, ನಾನು ಏಳ್ಲಿ ಅಂತ ಅವ ಸುಮ್ಮನೆ ಕೂತಿದ್ದ.”

“ಕೀ?” ನಾನು ಕೇಳಿದೆ.

“ಅವನ ಕಿಸೆಯಲ್ಲಿ ಉಂಟು,” ಎಂದು ಧಣಿ ಕಾರಿನ ಬಾಗಿಲು ತೆಗೆದರು.